ಮೇಲಿನಂತೆ

ಬದುಕಿದ್ದ ಅತ್ತೆಯನ್ನು ನಾನು ಒಂದೇ ಪದದಲ್ಲಿ ಸಾಯಿಸಿದ್ದೆ. ತಾತನ ಹೆಸರಿನಲ್ಲಿದ್ದ ಮನೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಅರ್ಜಿ ಅದು. ಅಪ್ಪನ ಸಾಲಿನಲ್ಲಿ ‘ದಿವಂಗತ’ ಎಂದು ಬರೆದೆ. ಕೆಳಗಿನ ಸಾಲು ಅಪ್ಪನ ಅಕ್ಕನದು. ವಿಳಾಸಕ್ಕೆ ‘ಮೇಲಿನಂತೆ’ ಎಂದು ಬರೆದ ಕೈ ಅದೇ ಓಘದಲ್ಲಿ ಪಕ್ಕದ, ಇದ್ದಾರೋ ಇಲ್ಲವೋ ಎಂಬ ಕಾಲಮ್ಮಿಗೂ ‘ಮೇಲಿನಂತೆ’ ಎಂದು ಗೀಚಿತು. ನನ್ನ ಬುದ್ಧಿಗಿಷ್ಟು!

ಗುಮಾಸ್ತ ಅದನ್ನೇ ನಂಬಿ, ಮನೆ ಪೂರ್ತಿ ನನ್ನದೆಂದು ನೋಟಿಸ್ ಅಂಟಿಸಿದ. ಶುಕ್ರವಾರದೊಳಗೆ ತಿದ್ದಿಸದಿದ್ದರೆ, ಮದುವೆಯಾಗದೆ ಅಲ್ಲೇ ಬಾಳಿದ ಅತ್ತೆಗೆ ಕಾನೂನಿನ ಪ್ರಕಾರ ನಿಲ್ಲಲೂ ಜಾಗವಿಲ್ಲ.

ಗುರುವಾರ ಅವರನ್ನು ಕಚೇರಿಗೆ ಕರೆದುಕೊಂಡು ಹೋಗಿ, ಕಣ್ಣೆದುರೇ ನಿಂತಿದ್ದಾರಲ್ಲ, ಇನ್ನೇನು ಸಾಕ್ಷಿ ಬೇಕು ಎಂದು ರೇಗಿದೆ. ಗುಮಾಸ್ತ ಜಗ್ಗಲಿಲ್ಲ. ನಿಂತಿರುವವರು ಯಾರಾದರೂ ಆಗಿರಬಹುದು, ಹಳೆಯ ದಾಖಲೆ ತೋರಿಸಿ ಎಂದ. ಅತ್ತೆ ನನ್ನ ತೋಳು ಹಿಡಿದು, ಸತ್ತವಳಿಗಿಲ್ಲದ ಅವಸರ ನಿನಗ್ಯಾಕೆ ಎಂದು ನಕ್ಕರು. ಆಮೇಲೆ, ಮನೆ ಕೊಂಡಾಗ ತಾನೂ ಹೆಬ್ಬೆಟ್ಟು ಒತ್ತಿದ್ದೆ ಎಂದರು.

ದಾಖಲೆ ಕೋಣೆಯಲ್ಲಿ ಸೂರಿನವರೆಗೂ ಕಟ್ಟುಗಳು. ಅಲ್ಲಿನ ಮುದುಕ ಏಣಿ ಹತ್ತಿ, ಐವತ್ತೆರಡು ವರ್ಷದ ಹಿಂದಿನ ರಿಜಿಸ್ಟರ್ ಇಳಿಸಿ ಪುಟ ತೆರೆದ. ಅತ್ತೆಯ ಹೆಬ್ಬೆರಳಿಗೆ ಶಾಯಿ ಹಚ್ಚಿ ಬೇರೆ ಹಾಳೆಯ ಮೇಲೆ ಒತ್ತಿಸಿ, ಭೂತಗನ್ನಡಿಯನ್ನು ನನ್ನ ಕೈಗಿತ್ತ. ಸುರುಳಿಯ ನಡುವೆ ಕವಲೊಡೆದ ಒಂದು ಗೆರೆ. ರಿಜಿಸ್ಟರಿನಲ್ಲಿದ್ದ ಹದಿನೆಂಟರ ಹುಡುಗಿಯ ಗುರುತಿನಲ್ಲೂ ಅದೇ ಕವಲು, ಅದೇ ಜಾಗದಲ್ಲಿ. ಕೂದಲು ನರೆತಿದೆ, ಹಲ್ಲು ಉದುರಿವೆ, ಇಷ್ಟು ವರ್ಷ ನಮ್ಮ ಪಾತ್ರೆ ತಿಕ್ಕಿದ ಬೆರಳಿನ ಗೆರೆ ಮಾತ್ರ ಕದಲಿಲ್ಲ. ಅಬ್ಬಾ! ದಿನವೂ ಇದನ್ನೇ ನೋಡುವ ಮುದುಕನೂ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಬಗ್ಗಿ ನೋಡಿದ.

ಆಮೇಲೆ ಅವನು ಅದರ ಜೊತೆಗಿದ್ದ ಕ್ರಯಪತ್ರ ಓದಿದ. ನಾನೆಣಿಸಿದಂತೆ ಅತ್ತೆ ಸಾಕ್ಷಿಯಾಗಿ ಒತ್ತಿರಲಿಲ್ಲ. ಮನೆ ಕೊಂಡವರು ಇಬ್ಬರು, ತಾತ ಮತ್ತು ಮಗಳು, ಸಮಪಾಲು. ತೆರಿಗೆ ಪುಸ್ತಕಕ್ಕೆ ಮಾತ್ರ ತಾತನ ಹೆಸರೊಂದೇ ಏರಿತ್ತು. ಅಂದರೆ ಅರ್ಧ ಮನೆ ಅಂದಿನಿಂದಲೂ ಅತ್ತೆಯದೇ, ತಾತನ ಅರ್ಧದಲ್ಲೂ ಅವರಿಗೆ ಪಾಲುಂಟು. ಪಾಪ, ಅತ್ತೆಯನ್ನು ನಾವೇ ಇಟ್ಟುಕೊಂಡಿದ್ದೇವೆ ಎಂದು ಬಂದವರೆದುರೆಲ್ಲ ಹೇಳುತ್ತಿದ್ದವನು ನಾನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಗೊತ್ತಿತ್ತಾ ಅತ್ತೆ? ಒಂದು ದಿನಾನೂ ಯಾಕೆ ಹೇಳ್ಲಿಲ್ಲ?”

ಅತ್ತೆ ಬೆರಳಿನ ಶಾಯಿ ಒರೆಸಿಕೊಳ್ಳುತ್ತಿದ್ದರು.

“ಹೇಳಿದ್ರೆ ನೀವೆಲ್ಲ ನನ್ನ ಮನೇಲಿ ಇರೋರು ಆಗ್ಬಿಡ್ತಿದ್ರಿ ಕಣೋ. ಆಮೇಲೆ ನನ್ನೋರು ಅಂತ ನಂಗೆ ಯಾರಿರ್ತಿದ್ರು?”