ಸದ್ದಿಲ್ಲದ ಭಾಗ

ನಿದ್ದೇಲಿ ಇವಳ ಉಸಿರು ನಿಂತು ಹೋಗತ್ತಂತೆ ಕಣೇ, ಅಮ್ಮ ಚಪ್ಪಲಿ ಬಿಡುವ ಮೊದಲೇ ಅಂದುಬಿಟ್ಟಳು, ಒಂದು ಕಾಲು ಹೊಸ್ತಿಲ ಒಳಗೆ ಒಂದು ಹೊರಗೆ, ನಾನು ಸೋಫಾದ ಮೇಲೆ ಅಡ್ಡಾಗಿ ಫೋನ್ ಉಜ್ಜುತ್ತ ಯಾರದು ಅಂದೆ, ಯಾವುದೋ ಧಾರಾವಾಹಿ ಕಥೆ ಹೇಳುತ್ತಿದ್ದಾಳೆ ಅಂದುಕೊಂಡು — ಯಾರದು ಅಂದ್ರೆ, ನಿನ್ನ ತಂಗಿದು. ಅಷ್ಟರಲ್ಲಿ ಹಿಂದಿನಿಂದ ತಂಗಿಯೇ ಬಂದಳು, ನಮ್ಮ ಇಂಜಿನ್, ಹತ್ತು ವರ್ಷಕ್ಕೆ ಮನೆಯೆಲ್ಲ ನಡುಗುವ ಹಾಗೆ ಗೊರಕೆ ಹೊಡೆಯುತ್ತಾಳೆ ಅಂತ ಆ ಹೆಸರಿಟ್ಟವಳು ನಾನೇ, ಬಂದವಳು ನನ್ನ ಕಾಲನ್ನು ಸೊಂಟದಿಂದ ತಳ್ಳಿ ಜಾಗ ಮಾಡಿಕೊಂಡು, ಅಕ್ಕ ಸರಿ, ಅಂತ ಹೇಳಿ ಮಲಗಿಯೇಬಿಟ್ಟಳು, ಮಧ್ಯಾಹ್ನ ಮೂರು ಗಂಟೆಗೆ, ಯೂನಿಫಾರ್ಮ್ ಸಮೇತ. ಉಸಿರು ನಿಂತರೆ ಹೀಗೆ ತಳ್ಳೋಕೆ ಶಕ್ತಿ ಎಲ್ಲಿಂದ. ನಿಂತು ಮತ್ತೆ ಹೊರಡತ್ತಂತೆ ಅಂದಳು ಅಮ್ಮ, ಅದೇನು ಸಿಟಿ ಬಸ್ಸಾ ಅಂತ ನನ್ನ ಬಾಯಿಗೆ ಬಂದಿತ್ತು, ನನ್ನ ಬಾಯಿಗೆ ಇಂಥದ್ದೇ ಮೊದಲು ಬರೋದು, ಆದರೆ ಅಮ್ಮನ ಮುಖ ನೋಡಿ ನುಂಗಿಕೊಂಡೆ.

ಕ್ಲಾಸ್ ಟೀಚರ್ ಚೀಟಿ ಕಳಿಸಿದ್ದಕ್ಕೆ ಡಾಕ್ಟರ ಹತ್ತಿರ ಹೋಗಿದ್ದು ಅಷ್ಟೆ, ಪಾಠದ ನಡುವೆ ಬಾಯಿ ತೆರೆದು ನಿದ್ದೆ ಹೊಡೆಯುತ್ತಾಳೆ, ನೋಟ್ಸ್ ಮೇಲೆಲ್ಲ ಜೊಲ್ಲು, ಮನೆಯಲ್ಲಿ ಸ್ವಲ್ಪ ಗಮನ ಕೊಡಿ ಅಂತ. ಅಮ್ಮ ಬೈಸಿಕೊಳ್ಳೋಕೆ ತಯಾರಾಗಿಯೇ ಹೋಗಿದ್ದಳು, ಏನು ತಿನ್ನಿಸ್ತೀರಿ ಅಂತ ಎಲ್ಲರೂ ಕೇಳುವುದನ್ನೇ ಡಾಕ್ಟರೂ ಕೇಳುತ್ತಾರೆ ಅಂತ, ಅವರು ಬೈಯಲೇ ಇಲ್ಲವಂತೆ, ತೂಕ ನೋಡಿದರಂತೆ, ಗಂಟಲಿಗೆ ಟಾರ್ಚ್ ಬಿಟ್ಟು ಟಾನ್ಸಿಲ್ ಎರಡೂ ಕಡೆ ಗೋಲಿ ಇಟ್ಟ ಹಾಗೆ ಊದಿದೆ ಅಂದರಂತೆ, ಟೇಪು ತಂದು ಕತ್ತಿನ ಸುತ್ತಳತೆ ತೆಗೆದರಂತೆ, ಕತ್ತಿನ ಸುತ್ತ ಕೊಬ್ಬು, ಒಳಗೆ ಆ ಗೋಲಿಗಳು, ಮಲಗಿದಾಗ ದಾರಿ ಮುಚ್ಚಿಕೊಳ್ಳತ್ತೆ, ಮೆದುಳು ಗಾಬರಿ ಬಿದ್ದು ಎಬ್ಬಿಸತ್ತೆ, ರಾತ್ರಿಯೆಲ್ಲ ಇದೇ, ಅದಕ್ಕೇ ಹಗಲು ಸುಸ್ತು, ಸುಸ್ತಿಗೆ ಹಸಿವು ಜಾಸ್ತಿ, ಆಟ ಇಲ್ಲ, ಆಟ ಇಲ್ಲದ್ದಕ್ಕೆ ಇನ್ನೂ ದಪ್ಪ, ದಪ್ಪ ಆದದ್ದಕ್ಕೆ ಇನ್ನೂ ಉಸಿರು — ಹಾಗಾದರೆ ಯಾವುದು ಮೊದಲು, ದಪ್ಪ ಅಂತ ನಿದ್ದೆ ಕೆಟ್ಟಿದ್ದಾ, ನಿದ್ದೆ ಕೆಟ್ಟು ದಪ್ಪ ಆಗಿದ್ದಾ, ನಾವು ಇಷ್ಟು ದಿನ ಸೋಮಾರಿ ಅಂತ ರೇಗಿಸಿದ್ದು ಯಾರನ್ನ, ನನ್ನ ತಲೆ ಗಿರ್ ಅನ್ನುತ್ತಿದೆ. ದೊಡ್ಡಾಸ್ಪತ್ರೆಯಲ್ಲಿ ಒಂದು ರಾತ್ರಿ ಮೈಗೆಲ್ಲ ವೈರ್ ಅಂಟಿಸಿ ಮಲಗಿಸಿ ನೋಡಬೇಕಂತೆ, ಅದಕ್ಕೆ ಮೊದಲು ಮನೆಯಲ್ಲಿ ಮಲಗಿದಾಗ ಹೇಗಿರುತ್ತಾಳೆ ಅಂತ ರೆಕಾರ್ಡ್ ಮಾಡಿ ನಾಳೆ ತನ್ನಿ ಅಂದರಂತೆ. ಅಮ್ಮ ಹೆಮ್ಮೆಯಿಂದ, ನಮ್ಮ ದೊಡ್ಡವಳು ಮಾಡಿಟ್ಟಿದಾಳೆ ಡಾಕ್ಟ್ರೇ, ಕೇಳಿದ್ರೆ ನೀವೂ ನಗ್ತೀರ, ಅಂತ ಹೇಳಿ ಬಂದಿದ್ದಾಳೆ.

ಮುಂದಿನ ಕೋಣೆಯಲ್ಲಿ ಅಪ್ಪನ ಹೊಲಿಗೆ ಮಷೀನ್ ನಿಂತಿತು. ಅಪ್ಪ ಟೈಲರ್, ಕೊರಳಿನ ಟೇಪು ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆಯುತ್ತಾರೆ. ಕತ್ತು ಹದಿಮೂರೂವರೆ ಇಂಚು, ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ, ಅದಕ್ಕೊಬ್ಬ ಡಾಕ್ಟರ್ ಬೇಕಾ, ಅಂದರು. ಬೆಳೆಯೋ ಮಗು, ಅದಕ್ಕೇ ಹೊಲಿಗೆ ಒಳಗೆ ಎರಡಿಂಚು ಬಿಟ್ಟಿರ್ತೀನಿ, ಅಂತ ಆಮೇಲೆ ಎಲ್ಲರಿಗೂ ಹೇಳುವುದನ್ನೇ ಹೇಳಿದರು, ಆ ಎರಡಿಂಚು ಜೂನ್‌ನಲ್ಲಿ ಒಂದು ಸಲ ಬಿಚ್ಚಿ ಆಗಸ್ಟ್‌ನಲ್ಲಿ ಇನ್ನೊಂದು ಸಲ ಬಿಚ್ಚಿ ಈಗ ಪಕ್ಕಕ್ಕೆ ಬೇರೆ ಬಟ್ಟೆ ಪಟ್ಟಿ ಸೇರಿಸಿದ್ದು ಯಾರೂ ನೆನಪಿಸಲಿಲ್ಲ. ಉಸಿರು ನಿಲ್ಲತ್ತಂತೆ, ಎಲ್ಲಿ ನಿಲ್ಲತ್ತೆ, ಅಂತ ಅಪ್ಪ ಫೋನ್ ತೆಗೆದು ಮನೆಯವರ ಗ್ರೂಪಿನಲ್ಲಿ ನಾನು ಹಾಕಿದ್ದ ಆ ಗೊರಕೆ ಆಡಿಯೋವನ್ನೇ ಹಚ್ಚಿದರು, ನಲವತ್ತು ಸೆಕೆಂಡು, ರೈಲಿನ ಚಿತ್ರ ಬೇರೆ ಅಂಟಿಸಿದ್ದೆ, ಗರ್‌ರ್ ಗರ್‌ರ್ ಗರ್‌ರ್, ಒಂದರ ಬಾಲಕ್ಕೆ ಇನ್ನೊಂದು, ಎಲ್ಲೂ ತಡೆಯಿಲ್ಲ. ಕೇಳು, ಅಂದರು ಅಮ್ಮನಿಗೆ, ಎಷ್ಟು ಚೆನ್ನಾಗಿ ಓಡ್ತಿದೆ, ಇದಕ್ಕೆ ಮಗೂಗೆ ವೈರ್ ಅಂಟಿಸ್ತಾರಂತೆ, ನಾಳೆ ಇದನ್ನ ಕೇಳಿಸಿ ವಾಪಸ್ ಬಾ, ಬೆಳಿಗ್ಗೆ ವಾಕಿಂಗ್ ಮಾಡಿಸಿದ್ರೆ ಸರಿಹೋಗತ್ತೆ. ಅಮ್ಮ ಅರ್ಧ ನಂಬಿದಳು, ಭುಜ ಇಳಿದವು, ನೀರು ಕುಡಿಯೋಕೆ ಒಳಗೆ ಹೋದಳು.  ಆದರೆ ಅದು ಹಾಗೆ ಓಡುತ್ತಿರಲಿಲ್ಲ, ಹಾಗೆ ಓಡಿಸಿದವಳು ನಾನು.

ನನಗೆ ಪರೀಕ್ಷೆ ರಜೆ, ಆ ರಾತ್ರಿ ಓದಬೇಕಿತ್ತು, ಓದದೆ ಇವಳ ಮೂಗಿನ ಹತ್ತಿರ ಫೋನ್ ಹಿಡಿದು ಕೂತಿದ್ದೆ, ಆರು ನಿಮಿಷ, ಆ್ಯಪ್‌ನಲ್ಲಿ ಸದ್ದು ಬೆಟ್ಟ ಬೆಟ್ಟವಾಗಿ ಕಾಣುತ್ತದೆ, ಬೆಟ್ಟ ಬೆಟ್ಟ ಬೆಟ್ಟ, ಆಮೇಲೆ ಒಂದು ಗೆರೆ, ಚಪ್ಪಟೆ, ಉದ್ದಕ್ಕೆ, ಆಮೇಲೆ ದಡಕ್ಕನೆ ಒಂದು ದೊಡ್ಡ ಬೆಟ್ಟ, ಆ ಚಪ್ಪಟೆ ಜಾಗ ಬೋರು, ಅಲ್ಲಿ ಯಾರು ನಗುತ್ತಾರೆ, ಬೆರಳಲ್ಲಿ ಎಳೆದು ಡಿಲೀಟ್, ಇನ್ನೊಂದು, ಡಿಲೀಟ್, ತಾಳಕ್ಕೆ ಕೂರಿಸಿದೆ, ಚಿಕ್ಕಪ್ಪ ಏಳು ನಗುವ ಮುಖ ಕಳಿಸಿದ, ಫೋನ್ ತುಂಬಿದೆ ಅಂತ ಅಂದೇ ಮೂಲವನ್ನೂ ಅಳಿಸಿಹಾಕಿದೆ. ರೆಕಾರ್ಡ್ ಮಾಡುವಾಗ ಸದ್ದು ನಿಂತಾಗಲೆಲ್ಲ, ಗೊರಕೆ ಹೊಡಿಯೇ ಬೇಗ, ಕೈ ನೋಯ್ತಿದೆ, ಅಂತ ನಾನೇ ಪಿಸುಗುಟ್ಟಿದ್ದು ನೆನಪಿದೆ, ಇವಳ ಮುಖ ನೋಡಿದ್ದೂ ನೆನಪಿದೆ, ಗದ್ದ ಮೇಲಕ್ಕೆ, ಬಾಯಿ ತೆರೆದು, ಕತ್ತು ಎದೆಗೆ ಸೇರುವ ಕಡೆ ಒಂದು ಸಣ್ಣ ಕುಳಿ ಇದೆಯಲ್ಲ, ಅದು ಒಳಕ್ಕೆ ಹೋಗುತ್ತಿತ್ತು, ಒಳಗಿನಿಂದ ಯಾರೋ ಹೀರುತ್ತಿರುವ ಹಾಗೆ, ಸದ್ದೇ ಇಲ್ಲ, ಕುಳಿ ಮಾತ್ರ ಒಳಕ್ಕೆ — ಎಷ್ಟು ಫನ್ನಿಯಾಗಿದೆ ಅಂದುಕೊಂಡಿದ್ದೆ, ಅಂದುಕೊಂಡೆನಾ, ಹೌದು ಅಂದುಕೊಂಡೆ. ಹಾಸಿಗೆ ಒದ್ದೆ ಮಾಡಿಕೊಂಡು ಬೆಳಿಗ್ಗೆ ನನ್ನನ್ನು ಚಿವುಟಿ ಎಬ್ಬಿಸುತ್ತಾಳೆ, ಅಮ್ಮಂಗೆ ಹೇಳ್ಬೇಡ ಅಕ್ಕ, ಆಣೆ ಮಾಡು, ಇಬ್ಬರೂ ಸೇರಿ ಬೆಡ್‌ಶೀಟು ಬದಲಿಸುತ್ತೇವೆ, ತಲೆನೋವು ಅನ್ನುತ್ತಾಳೆ, ಒಂದು ಸಲ ಹಲ್ಲುಜ್ಜುತ್ತ ಕೇಳಿದ್ದಳು, ನಾನು ನಿದ್ದೇಲಿ ಎಲ್ಲಿಗಾದ್ರೂ ಓಡಿ ಹೋಗ್ತೀನಾ, ಎದ್ದಾಗ ಕಾಲೆಲ್ಲ ಸುಸ್ತು, ನಾನು ಹೌದು, ಓಡೋದು ನಿದ್ದೇಲಿ ಮಾತ್ರ ಅಂದೆ, ಅವಳೂ ನಕ್ಕಳು, ಬಾಯಿ ತುಂಬ ನೊರೆ.

ಈಗ ಸೋಫಾದಲ್ಲಿ ಸದ್ದು ಶುರುವಾಗಿದೆ. ಕ್ಯಾಮೆರಾ ತೆರೆದೆ, ಮೊಣಕೈ ಮಂಡಿಗೆ ಊರಿದೆ, ಬೆಟ್ಟ, ಬೆಟ್ಟ, ಬೆಟ್ಟ, ನಿಲ್ಲದಿದ್ದರೆ ಸಾಕು, ಇಲ್ಲ ನಿಲ್ಲಬೇಕು, ನಿಂತರೆ ತಾನೇ ಅಪ್ಪನಿಗೆ ತೋರಿಸೋದು, ಎಂಥವಳು ನಾನು, ತಂಗಿಯ ಉಸಿರು ನಿಲ್ಲಲಿ ಅಂತ ಕಾಯುತ್ತ ಕೂತಿದ್ದೇನೆ — ನಿಂತಿತು. ಎಬ್ಬಿಸಲಾ. ಎರಡು, ಮೂರು. ಎಬ್ಬಿಸಿದರೆ ನಾಳೆ ತೋರಿಸೋಕೆ ಏನೂ ಇರಲ್ಲ, ಆರು, ಏಳು, ಹೊಟ್ಟೆ ಏಳುತ್ತಿದೆ ಎದೆ ಬೀಳುತ್ತಿದೆ, ಗಾಳಿ ಇಲ್ಲ, ಕುಳಿ ಒಳಕ್ಕೆ, ಹತ್ತು, ಬಿಡ್ತು ಅನ್ನಬೇಕು, ಹನ್ನೆರಡು, ತುಟಿ ಬಣ್ಣ ಬದಲಾಯಿತಾ ಅಥವಾ ಕರ್ಟನ್ ನೆರಳಾ, ಹದಿನೈದು, ನನ್ನ ಉಸಿರೂ ಹಿಡಿದಿದ್ದೇನೆ, ಹದಿನೇಳು, ಹದಿನೆಂಟು, ವಿಡಿಯೋನೂ ಬೇಡ ಏನೂ ಬೇಡ ಅಂತ ಕೈ ಚಾಚಿದೆ, ಹತ್ತೊಂಬತ್ತಕ್ಕೆ ನೀರಿನಿಂದ ಮೇಲೆ ಬಂದವಳ ಹಾಗೆ ಹ್ಹಾ ಅಂತ ಎಳೆದುಕೊಂಡಳು, ಮೈ ಅದುರಿತು, ಕಣ್ಣು ಬಿಟ್ಟಳು. ಫೋನ್ ನೋಡಿದಳು, ನನ್ನನ್ನಲ್ಲ. ಗ್ರೂಪಿಗೆ ಹಾಕ್ಬೇಡ ಅಕ್ಕ, ಅಂದಳು, ಸ್ಕೂಲಲ್ಲೂ ಗೊತ್ತಾಗಿದೆ, ಎಲ್ಲರೂ ಗರ್ ಅಂತಾರೆ. ಹಾಕಲ್ಲ ಅಂದೆ. ಆಣೆ. ಆಣೆ. ಅಷ್ಟಕ್ಕೇ ನಂಬಿ ಆ ಕಡೆ ತಿರುಗಿ ಮಲಗಿದಳು, ನಾನೇನು ನಂಬುವ ಹಾಗೆ ನಡೆದುಕೊಂಡಿದ್ದೇನೆ.

ಅಪ್ಪ, ಆ ಆಡಿಯೋ ನಾನು ಕಟ್ ಮಾಡಿದ್ದು, ಅಂದೆ ಬಾಗಿಲಲ್ಲಿ ನಿಂತು. ಏನು ಕಟ್ ಮಾಡಿದೆ. ನಿಲ್ಲೋದನ್ನ. ಅಪ್ಪನಿಗೆ ಅರ್ಥವಾಗಲಿಲ್ಲ, ಅಮ್ಮ ಲೋಟ ಹಿಡಿದು ಹಿಂದೆ ಬಂದಳು, ನಾನು ವಿಡಿಯೋ ಹಚ್ಚಿ ಹೊಲಿಗೆಯ ಬಟ್ಟೆಯ ಮೇಲಿಟ್ಟೆ. ಗೊರಕೆಗೆ ಅಪ್ಪ ಸುಮ್ಮನೆ ತಲೆದೂಗಿದರು, ಸದ್ದು ನಿಂತಾಗ ಪರದೆಗೆ ಬೆರಳಲ್ಲಿ ಕುಟ್ಟಿದರು, ಏನೇ ಸಿಕ್ಕಾಕ್ಕೊಳ್ತು. ಸಿಕ್ಕಾಕ್ಕೊಂಡಿಲ್ಲ ಅಪ್ಪ, ಕೆಳಗೆ ಸೆಕೆಂಡ್ ಓಡ್ತಿದೆ ನೋಡಿ. ನೋಡಿದರು. ಹತ್ತೊಂಬತ್ತಾದ ಮೇಲೂ ಅಲ್ಲೇ ನೋಡುತ್ತಿದ್ದರು, ಇದು ಎಷ್ಟು ದಿನದಿಂದ ಅಂತ ಕೇಳಿದರು, ಬೈಯಲಿ ಅಂತ ಕಾದೆ, ಬೈಯಲಿಲ್ಲ, ಬೈದಿದ್ದರೆ ಒಂದು ತರಹ ಮುಗಿಯುತ್ತಿತ್ತು. ನಾಳೆ ಎಷ್ಟೊತ್ತಿಗೆ ಬರೋಕೆ ಹೇಳಿದಾರೆ, ಅಂದರು ಅಮ್ಮನಿಗೆ. ಹತ್ತಕ್ಕೆ. ಬ್ಲೌಸಿನವರಿಗೆ ಸಂಜೆ ಬನ್ನಿ ಅಂತ ಫೋನ್ ಮಾಡು, ನಾನೂ ಬರ್ತೀನಿ, ಇವಳೂ ಬರಲಿ, ಮಾಡಿದ್ದನ್ನ ಇವಳೇ ಹೇಳಲಿ. ಹೇಳುತ್ತೇನೆ, ಹತ್ತು ಗಂಟೆಗೆ, ಹೇಗೆ ಶುರುಮಾಡೋದು, ಡಾಕ್ಟ್ರೇ ನಾನು ಇವಳ ಅಕ್ಕ, ಇದು ಹೊಸದು, ಹಳೆಯದರಲ್ಲಿ ಎಷ್ಟು ಸಲ ನಿಂತಿತ್ತೋ ಎಣಿಸಿರಲಿಲ್ಲ, ಬೆರಳಲ್ಲಿ ಎಳೆದೆ ಅಷ್ಟೆ, ವೈರ್ ನೋಯತ್ತಾ, ಇವಳ ಜೊತೆ ಅಲ್ಲೇ ಮಲಗೋಕೆ ಬಿಡ್ತಾರಾ, ಬೆಡ್‌ಶೀಟಿನ ವಿಷಯ ಹೇಳಬೇಕಾ, ಅವಳಿಗೆ ಅದಕ್ಕೂ ಆಣೆ ಮಾಡಿದ್ದೇನಲ್ಲ, ಆದರೂ ಹೇಳಬೇಕು, ಆಮೇಲೆ, ಆಮೇಲೆ ಏನಿತ್ತು — ಸೋಫಾದ ಕಡೆಯಿಂದ ಸದ್ದಿಲ್ಲ, ಒಂದು, ಎರಡು, ಓಡಿ ಹೋಗಿ ಅವಳ ಮುಂದೆ ಕೂತಿದ್ದೇನೆ, ಮತ್ತೆ ಅಂಗಾತ ಹೊರಳಿದ್ದಾಳೆ, ಗದ್ದ ಮೇಲಕ್ಕೆ, ಬಾಯಿ ತೆರೆದು, ಮೂರು, ಆ ಕುಳಿ, ಒಳಕ್ಕೆ, ಇನ್ನೂ ಒಳಕ್ಕೆ