ಅರ್ಧ ದಾಡಿ

ಮಂಗಳವಾರ ಮುಂಜಾನೆ ಒಂಬತ್ತಕ್ಕೆ ಗಡಿಯಾಚೆಯ ದೊಡ್ಡ ದವಾಖಾನೆಯಲ್ಲಿ ಧೂಳಪ್ಪನ ಮುಖದ ಅಚ್ಚು ತೆಗೆಯುವವರಿದ್ದರು. ಆ ಅಚ್ಚಿನಿಂದ ಮುಖವನ್ನು ಅಲುಗದಂತೆ ಹಿಡಿದು ಎಡಗೆನ್ನೆಯ ಕ್ಯಾನ್ಸರ್ ಗಂಟಿಗೆ ಏಳು ವಾರ ಕರೆಂಟು ಕೊಡುತ್ತಾರೆ. ವಿಕಿರಣಕ್ಕೆ ನಮ್ಮ ಕಡೆ ಕರೆಂಟು ಅಂತಲೇ ಹೆಸರು. ಅಚ್ಚು ಸರಿಯಾಗಿ ಕೂಡಬೇಕಾದರೆ ಗಡ್ಡ ಪೂರಾ ತೆಗೆಸಿಕೊಂಡು ಬರಬೇಕು. ಕರೆಂಟು ಶುರುವಾದ ಮೇಲೆ ಕೆನ್ನೆಗೆ ಬ್ಲೇಡು ಮುಟ್ಟಿಸುವಂತಿಲ್ಲ. ಮುಂದೆ ಅಲ್ಲಿ ಕೂದಲು ಹುಟ್ಟುವುದೂ ಅನುಮಾನ. ಡಾಕ್ಟರು ಹೇಳಿದ್ದನ್ನು ಮಗ ಈಶ್ವರ ಮೂರು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದ. ಬೋರಗಾಂವದ ಕನ್ನಡ ಶಾಲೆಯಲ್ಲಿ ಅವನು ಮಾಸ್ತರ. ಬಾಗಿಲಿಗೆ ಕೀಲಿ ಹಾಕಿ ಓಣಿಯ ತುದಿಗೆ ಹೋದವನು ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುವ ಪೈಕಿ.

ಇದನ್ನೆಲ್ಲ ಕೇಳಿಸಿಕೊಂಡ ಧೂಳಪ್ಪ ಶನಿವಾರ ಬಸ್ಸಿನಲ್ಲಿ ಬರುವಾಗ ಗಲ್ಲ ಸವರಿಕೊಂಡು ಒಂದೇ ಮಾತು ಹೇಳಿದ. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಆಡುವ ಮಾತು ಹಲ್ಲಿನ ಸಂದಿಯಿಂದ ಸೋಸಿ ಬರುತ್ತಿತ್ತು.

"ಹಂಗಾರ ಇದ ಕಡೀ ದಾಡಿ. ಬಿಸಿ ಟವೆಲ್ ಹಾಕಿ ವಸ್ತರಾದಿಂದ ಮಾಡಸೋ, ಈಶ್ವರಾ."

ವಸ್ತರಾ ಎಂದರೆ ಹಿಂದಿನ ಕಾಲದ ಮಡಚುವ ಕತ್ತಿ. ಮೂವತ್ತು ವರ್ಷ ಪವರ್‌ಲೂಮ್ ಓಡಿಸಿದ ಧೂಳಪ್ಪನಿಗೆ ವಾರಕ್ಕೊಮ್ಮೆ ಮಗ್ಗ ನಿಂತ ದಿನ ಅದರಿಂದ ದಾಡಿ ಮಾಡಿಸಿಕೊಳ್ಳುವುದೊಂದೇ ಚಟ. ಕುದಿಯುವ ನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಮುಖದ ಮೇಲೆ ಹಾಸಿದಾಗ ಮಾತ್ರ ಕಿವಿಯಲ್ಲಿ ಕೂತ ಮಗ್ಗದ ಖಟಖಟ ಬಿಟ್ಟುಹೋಗುತ್ತದೆ ಎನ್ನುತ್ತಿದ್ದ. ಆಗಿನ ಊರ ಹಡಪದವನು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಬ್ಯಾನಿ ಹತ್ತಿದ ಮೂರು ತಿಂಗಳಲ್ಲಿ ಧೂಳಪ್ಪ ಇದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ.

ಭಾನುವಾರ ಮಂಗಸೂಳಿ ಮಲ್ಲಯ್ಯನ ವಾರ, ಆ ದಿನ ಅವರ ಮನೆಯಲ್ಲಿ ಯಾರೂ ಗಡ್ಡಕ್ಕೆ ಕತ್ತಿ ಹಚ್ಚುವುದಿಲ್ಲ. ಉಳಿದದ್ದು ಸೋಮವಾರ ಒಂದೇ. ಈಶ್ವರ ಶಾಲೆಗೆ ರಜೆ ಚೀಟಿ ಕಳಿಸಿ, ಅಪ್ಪನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಹೊರಟ. ಬಿಸಿಲಿಗೆ ಕರೆದೊಯ್ಯುವುದು ಸರಿಯೋ ತಪ್ಪೋ ಎಂದು ಹೊಸ್ತಿಲಲ್ಲಿ ಎರಡು ಸಲ ನಿಂತ. ಹೆಂಡತಿ ನೀಲಮ, ನೀವು ವಿಚಾರ ಮಾಡಿ ಮುಗಿಸೂದ್ರಾಗ ಮಾವನ ಗಡ್ಡ ಮೊಣಕಾಲಿಗೆ ಬರ್ತೈತಿ ಎಂದು ಹೊರಗೆ ದಬ್ಬಿದಳು.

ನಿಪ್ಪಾಣಿಯ ಮೊದಲ ಅಂಗಡಿಯಲ್ಲಿ ತಣ್ಣನೆಯ ಗಾಳಿ, ಗೋಡೆ ತುಂಬ ಕನ್ನಡಿ. ವಿಶಾಲ ಎಂಬ ಮಾಲೀಕ ವಸ್ತರಾ ಎಂಬ ಶಬ್ದ ಕೇಳಿ ನಕ್ಕ. ಅದನ್ನು ತಾನು ಅಜ್ಜನ ಪೆಟ್ಟಿಗೆಯಲ್ಲಿ ನೋಡಿದ್ದೇ ಕಡೆ, ರೋಗ ಅಂಟುತ್ತದೆಂದು ಈಗ ಗಿರಾಕಿಗಳೇ ಹೊಸ ಬ್ಲೇಡು ಬಿಚ್ಚಿ ತೋರಿಸು ಎನ್ನುತ್ತಾರೆ, ಬೇಕಾದರೆ ಕಾಕಾನಿಗೆ ಫೇಶಿಯಲ್ ಮಾಡಿಕೊಡುತ್ತೇನೆ, ಮದುವಣಿಗನ ಹಾಗೆ ಕಾಣುತ್ತಾರೆ ಎಂದ. ಧೂಳಪ್ಪ ಮುಖಕ್ಕೆ ಸುತ್ತಿದ ಮಫ್ಲರ್ ಇಳಿಸಿದ. ವಿಶಾಲನ ನಗು ಅಲ್ಲಿಗೇ ನಿಂತಿತು.

ಇನ್ನೆರಡು ಅಂಗಡಿಗಳಲ್ಲೂ ಅದೇ ಕಥೆ. ಚಿಕ್ಕೋಡಿಯ ಬಸ್‌ ಸ್ಟ್ಯಾಂಡಿನ ಹತ್ತಿರ ಒಬ್ಬ, ಕುರ್ಚಿ ಖಾಲಿಯಿದ್ದರೂ ಗಂಟು ನೋಡಿದ ಮೇಲೆ ಈಗ ಊಟಕ್ಕೆ ಹೋಗುವವನಿದ್ದೇನೆ ಎಂದ. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಈಶ್ವರ ಜಗಳ ಆಡಲಿಲ್ಲ, ಅದು ಅವನಿಗೆ ಬರುತ್ತಿರಲಿಲ್ಲ. ಅಪ್ಪನಿಗೆ ಮಫ್ಲರ್ ಸುತ್ತಿಕೊಟ್ಟು ಹೊರಗೆ ಬಂದ. ಪಕ್ಕದ ಚಹಾದಂಗಡಿಯವನಿಗೆ ಮಾತ್ರ ಎಲ್ಲ ಕೇಳಿಸಿತ್ತು. ಮುಗಳಖೋಡದಲ್ಲಿ ಮಾಳಸಿದ್ದ ಹಡಪದ ಅಂತ ಒಬ್ಬ ಮುದುಕನಿದ್ದಾನೆ, ಅವನ ಹತ್ತಿರ ವಸ್ತರಾ ಇನ್ನೂ ಇದ್ದೀತು ಎಂದು ಅವನೇ ದಾರಿ ಹೇಳಿದ.

ರಾಯಬಾಗ ದಾಟಿ ಮುಗಳಖೋಡ ಮುಟ್ಟಿದಾಗ ಮೂರು ಗಂಟೆ. ನಡುವೆ ಮೂರು ಕಡೆ ಗಾಡಿ ನಿಲ್ಲಿಸಿ ಈಶ್ವರ, ತಿರುಗಿ ಹೋಗೂಣೇನಪಾ ಎಂದು ಕೇಳಿದ್ದ. ಧೂಳಪ್ಪ ಪ್ರತಿಸಲವೂ ಮುಂದಿನ ದಾರಿಗೇ ಕೈಮಾಡಿದ್ದ.

ಮಾಳಸಿದ್ದ ಮನೆಯ ಮುಂದಿನ ತಗಡಿನ ನೆರಳಲ್ಲಿ ಚಹಾ ಕುಡಿಯುತ್ತಿದ್ದ. ಕೈ ನಡುಗಿ ಬಸಿಯಲ್ಲಿ ಅರ್ಧ ಚಹಾ ಚೆಲ್ಲಿತ್ತು. ಈಶ್ವರ ಬಂದ ಕೆಲಸ ಹೇಳಿದ. ಮುದುಕ ಧೂಳಪ್ಪನ ಗಂಟನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದ. ಆ ದಿನ ಮುಟ್ಟಿದವನು ಅವನೊಬ್ಬನೇ. ಆಮೇಲೆ ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ ವಸ್ತರಾ ತಂದು ಮೊಣಕಾಲ ಮೇಲಿಟ್ಟುಕೊಂಡು ಕುಳಿತ.

"ಒಂದ ಮಾತ ಮೊದಲ ಹೇಳಿಬಿಡ್ತೀನ್ರಿ. ಇದರ್ಲೆ ದಾಡಿ ಮಾಡಿ ನಾಕು ವರ್ಷಾತು. ಯಾರರೆ ತೀರಿಕೊಂಡ್ರ ಹತ್ತನೇ ದಿನ ಹಳ್ಳದ ದಂಡೀಗೆ ಕರೀತಾರ, ಮಕ್ಕಳ ತಲಿ ಬೋಳಿಸಾಕ. ಅದಕ್ಕಷ್ಟ ಇಟ್ಟೇನಿ. ಮನಸಿಗೆ ಬ್ಯಾಡ ಅನಿಸಿದ್ರ ಈಗ ಹೇಳ್ರಿ."

ಈಶ್ವರ ಒಂದು ಹೆಜ್ಜೆ ಹಿಂದೆ ಸರಿದ. ಕರ್ಮದ ಕತ್ತಿ ಮನೆಯೊಳಗೆ ಬರಬಾರದು ಎಂದು ಕೇಳುತ್ತ ಬೆಳೆದವನು ಅವನು. ಅದನ್ನು ನಂಬುತ್ತೇನೆಂದು ಶಾಲೆಯಲ್ಲಿ ಯಾರ ಮುಂದೆಯೂ ಒಪ್ಪಿಕೊಳ್ಳುತ್ತಿರಲಿಲ್ಲ. ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಧೂಳಪ್ಪ ಟೊಪ್ಪಿಗೆ ತೆಗೆದು ಕುರ್ಚಿಯಲ್ಲಿ ಕುಳಿತೇಬಿಟ್ಟಿದ್ದ.

"ಅದು ಮಕ್ಕಳ ತಲೀಗೆ ಅಲ್ಲೇನು? ಇಂವಾ ಹೆದರ್ಲಿ," ಎಂದ ಮಗನ ಕಡೆ ಗದ್ದ ತೋರಿಸಿ. "ನನಗೇನಾಗೂದೈತಿ. ಮಾಡು."

ಮಾಳಸಿದ್ದ ಗಟ್ಟಿಯಾಗಿ ನಕ್ಕ. ಈಶ್ವರನಿಗೆ ನಗು ಬರಲಿಲ್ಲ. ವಸ್ತರಾವನ್ನು ಹತ್ತು ನಿಮಿಷ ಕುದಿಸಲೇಬೇಕೆಂದು ಹಟ ಹಿಡಿದ. ಮಾಳಸಿದ್ದನ ಸೊಸೆ ಕಸ್ತೂರೆವ್ವ ಒಂದು ಪಾತ್ರೆಯಲ್ಲಿ ಅದನ್ನೂ ಇನ್ನೊಂದರಲ್ಲಿ ಟವೆಲನ್ನೂ ಕುದಿಯಲು ಇಟ್ಟಳು.

ಮಾಳಸಿದ್ದ ಟವೆಲ್ ಹಿಂಡಿ, ಎರಡು ಸಲ ಗಾಳಿಗೆ ಝಾಡಿಸಿ, ಮೂಗಿಗೆ ಜಾಗ ಬಿಟ್ಟು ಧೂಳಪ್ಪನ ಮುಖ ಮುಚ್ಚಿದ. ಹಬೆ ಎದ್ದಿತು. ಮೂರು ತಿಂಗಳಿಂದ ಕಿವಿಯ ಹತ್ತಿರಕ್ಕೆ ಏರಿ ಕುಳಿತಿದ್ದ ಧೂಳಪ್ಪನ ಭುಜಗಳು ನಿಧಾನವಾಗಿ ಇಳಿದವು. ಟವೆಲ್ ಆರಿದಾಗ ಮುದುಕ ಇನ್ನೊಂದು ಹಾಕಿದ. ಧೂಳಪ್ಪನ ಉಸಿರು ಉದ್ದವಾಯಿತು. ನೋವಿನಿಂದ ರಾತ್ರಿಯೆಲ್ಲ ಕುಳಿತೇ ಕಳೆಯುತ್ತಿದ್ದ ಮನುಷ್ಯ ನಿದ್ದೆ ಹೋಗಿದ್ದ.

ಆಮೇಲೆ ಮುದುಕ ವಸ್ತರಾವನ್ನು ಚರ್ಮದ ಪಟ್ಟಿಗೆ ಎಂಟು ಹತ್ತು ಸಲ ಎಳೆದು, ಸಾಬೂನಿನ ನೊರೆ ಹಚ್ಚಿ ಬಲಗೆನ್ನೆಗೆ ಕೈ ಹಾಕಿದ. ಕಪ್ಪು ಹಿಡಿದಾಗ ನಡುಗಿದ ಕೈ ಇದೇ ಎಂದರೆ ಯಾರೂ ನಂಬುತ್ತಿರಲಿಲ್ಲ. ಹೆಬ್ಬೆರಳಿಂದ ಚರ್ಮ ಬಿಗಿಹಿಡಿದು ಕಿವಿಯಿಂದ ಗದ್ದದವರೆಗೆ ಒಂದೇ ಎಳೆತ. ಒಣ ಎಲೆ ಮುರಿದಂಥ ಸಣ್ಣ ಸಪ್ಪಳ. ಬಲಗೆನ್ನೆ ಮುಗಿಯಿತು, ಕೊರಳು ಮುಗಿಯಿತು, ಮೀಸೆಯ ಅಂಚು ಮುಗಿಯಿತು. ಮಾಳಸಿದ್ದ ಎಡಕ್ಕೆ ಬಂದ. ಗಂಟಿನ ಮೇಲಿನ ಚರ್ಮ ಹೊಳೆಯುವಷ್ಟು ಬಿಗಿದುಕೊಂಡಿತ್ತು. ಮುದುಕನ ಮುಖದಲ್ಲಿ ಯಾವ ಅಂಜಿಕೆಯೂ ಇರಲಿಲ್ಲ. ವಸ್ತರಾವನ್ನು ಸ್ವಲ್ಪ ಓರೆ ಮಾಡಿ ಗಂಟಿನ ಅಂಚಿಗೆ ತಂದ.

ಅಷ್ಟು ಹೊತ್ತು ಈಶ್ವರ ನೋಡುತ್ತಿದ್ದದ್ದು ಅಪ್ಪನ ಮುಖವನ್ನಲ್ಲ, ಆ ಕತ್ತಿಯನ್ನು. ಎಷ್ಟು ಮನೆಗಳ ಹತ್ತನೆಯ ದಿನ ಅದರ ಮೇಲೆ ಹಾದುಹೋಗಿದೆ ಎಂದು ಎಣಿಸುತ್ತಿದ್ದ.

"ಒಂದ ಹನಿ ರಕ್ತ ಬಂದ್ರೂ ಕರೆಂಟು ಕೊಡೂದಿಲ್ಲಂತ ಡಾಕ್ಟರು ಹೇಳ್ಯಾರ್ರಿ," ಎಂದುಬಿಟ್ಟ.

ವಸ್ತರಾ ನಿಂತಿತು. ಮಾಳಸಿದ್ದ ಮತ್ತೆ ಅಂಚಿಗೆ ತಂದ, ಮತ್ತೆ ಎತ್ತಿದ. ಮಣಿಕಟ್ಟಿನಲ್ಲಿ ಶುರುವಾದ ನಡುಕ ಬೆರಳಿಗೆ ಇಳಿಯಿತು. ಕೈಯನ್ನು ಒದ್ದೆ ಟವೆಲಿನಲ್ಲಿ ಒರೆಸಿಕೊಂಡು ಮೂರನೆಯ ಸಲ ನೋಡಿದ. ಆಗಲಿಲ್ಲ. ವಸ್ತರಾ ಮಡಚಿದ.

"ಇನ್ನ ನನ್ನ ಕಡಿಂದ ಆಗೂದಿಲ್ರಿ ಮಾಸ್ತರ. ಅದನ್ನ ನೀವು ಮೊದಲ ಹೇಳಬೇಕಿತ್ತು, ಇಲ್ಲಾ ಹೇಳಬಾರದಿತ್ತು."

ಮಗನ ಮಾತಿಗೇ ಎಚ್ಚರಾಗಿದ್ದ ಧೂಳಪ್ಪ ಕಣ್ಣು ತೆರೆದ. ಬಲಗೆನ್ನೆ ಸವರಿಕೊಂಡ, ಎಡಗೆನ್ನೆ ಮುಟ್ಟಿಕೊಂಡ. ಬೆರಳಿಗೆ ನೊರೆ ಹತ್ತಿತು.

"ಯಾವಾಗ ಹೇಳಿದ ಡಾಕ್ಟರ?" ಎಂದ ಮಗನಿಗೆ. "ನಾನೂ ಅಲ್ಲೇ ಕುಂತಿದ್ನೆಲ್ಲ."

ಜೋಪಾನ ಎಂದಷ್ಟೇ ಹೇಳಿದ್ದರು ಡಾಕ್ಟರು, ಉಳಿದದ್ದೆಲ್ಲ ಈಶ್ವರನೇ ಸೇರಿಸಿದ್ದು. ಕಸ್ತೂರೆವ್ವ ಬಂದು ಎಡಗೆನ್ನೆಯ ನೊರೆಯನ್ನು ಒರೆಸಿಹಾಕಿದಳು. ಮುದುಕರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮನೆಗೆ ಬಂದ ಮೇಲೆ ಈಶ್ವರ ತನ್ನ ಸೇಫ್ಟಿ ರೇಜರ್ ಹಿಡಿದು, ನಾನ ಸಾವಕಾಶ ತೆಗೀತೀನಪಾ ಎಂದು ಹಾಸಿಗೆಯ ಹತ್ತಿರ ಕುಳಿತ. ಧೂಳಪ್ಪ ಗೋಡೆಯ ಕಡೆ ಮಗ್ಗುಲಾದ. ಬೆಳಗಿನವರೆಗೂ ತಿರುಗಲಿಲ್ಲ.

ಮರುದಿನ ದವಾಖಾನೆಯಲ್ಲಿ ಪ್ರಾಜಕ್ತಾ ಎಂಬ ಹುಡುಗಿ ಕೈಗವಸು ಹಾಕಿಕೊಂಡು ಬಂದು, ಯಾಕೆ ತೆಗೆಸಿಕೊಂಡು ಬಂದಿಲ್ಲ ಎಂದು ಮರಾಠಿಯಲ್ಲಿ ಗದರಿದಳು. ಬ್ಯಾಟರಿ ಮಶೀನ್ ಗುಂಯ್‌ ಎಂದಿತು. ಎರಡು ನಿಮಿಷದಲ್ಲಿ ಎಡಗೆನ್ನೆಯ ಬಿಳಿ ಕೂದಲೆಲ್ಲ ಪ್ಲಾಸ್ಟಿಕ್ ಹಾಳೆಯ ಮೇಲೆ ಬಿತ್ತು. ಒಂದು ಗೀರೂ ಆಗಲಿಲ್ಲ. ಆಮೇಲೆ ಧೂಳಪ್ಪನ ಮುಖ ಹೊರಳಿಸಿ ಬಲಗೆನ್ನೆಯನ್ನು ಬೆರಳಿಂದ ಸವರಿ ನೋಡಿದಳು.

"ಈ ಬಾಜೂ ಲೈ ಛಾನ, ಭಾಳ ಚಂದ ಮಾಡ್ಯಾರಲ್ರಿ. ಅರ್ಧಾಕ್ಕ ಯಾಕ ಬಿಟ್ರು?" ಎಂದು ಈ ಸಲ ಮರಾಠಿ ಬೆರೆತ ಕನ್ನಡದಲ್ಲಿ ಕೇಳಿದಳು.

"ನಾನ ಬಿಡಿಸಿದ್ನಿ," ಎಂದ ಈಶ್ವರ.

ಅಪ್ಪ ಕೇಳಿಸಿಕೊಳ್ಳಲಿ ಎಂದೇ ಹೇಳಿದ್ದ. ಧೂಳಪ್ಪ ಸೂರಿನ ಕಡೆ ನೋಡುತ್ತಿದ್ದ. ಹುಡುಗಿ ಮುಂದೇನೂ ಕೇಳದೆ ಹಾಳೆ ಮಡಚಿ ಬುಟ್ಟಿಗೆ ಹಾಕಿದಳು. ಒಳಗಿನಿಂದ ಹೆಸರು ಕೂಗಿದರು. ಈಶ್ವರ ಎಬ್ಬಿಸಲು ಕೈ ಚಾಚಿದ. ಧೂಳಪ್ಪ ಕುರ್ಚಿಯ ಹಿಡಿಕೆ ಹಿಡಿದು ತಾನೇ ಎದ್ದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದ.