ಮೂವತ್ತನೆಯ ಮನೆಯ ಬಲ್ಬು

ನಮ್ಮ ಬೀದಿಯಲ್ಲಿ ಕರೆಂಟ್ ಹೋದರೆ ಯಾರೂ ಆಫೀಸಿಗೆ ಫೋನ್ ಮಾಡುವುದಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮಾವಾ, ಯಾವಾಗ ಬರುತ್ತೆ?" ಎಂದು ಕೂಗುತ್ತಾರೆ. ಮೂವತ್ತೈದು ವರ್ಷ ಲೈನ್‌ಮ್ಯಾನ್ ಆಗಿ ದುಡಿದು ನಿವೃತ್ತರಾದ, ಬೀದಿಗೆಲ್ಲ ಮಾವನೇ ಆದ ಅವರು ಬನಿಯನ್ ಮೇಲೆ ಅಂಗಿ ತೊಟ್ಟುಕೊಂಡೇ ಜಗುಲಿಗೆ ಬರುತ್ತಾರೆ. ಬರೀ ಬನಿಯನ್ನಿನಲ್ಲಿ ಅವರು ಈ ಕೆಲಸವನ್ನು ಯಾವತ್ತೂ ಮಾಡಿದ್ದಿಲ್ಲ. ಮೂಲೆಯ ಟ್ರಾನ್ಸ್‌ಫಾರ್ಮರ್ ಕಡೆ ಕಿವಿಗೊಡುತ್ತಾರೆ, ಆಚೆ ಬೀದಿಯ ದೀಪಗಳತ್ತ ಕಣ್ಣು ಹಾಯಿಸುತ್ತಾರೆ, ಆಮೇಲೆ ತೀರ್ಪು: "ಅರ್ಧ ಗಂಟೆ." ಅಥವಾ, "ಇವತ್ತು ಎರಡು ಗಂಟೆ. ಊಟ ಮುಗಿಸ್ಕೊಳ್ಳಿ."

ನಾನು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಅಂದಾಜನ್ನು ಸುಮ್ಮನೆ ನಂಬುವ ಅಭ್ಯಾಸವಿಲ್ಲ. ಒಂದು ವರ್ಷ ಅವರು ಹೇಳಿದ ಹೊತ್ತನ್ನೂ ಕರೆಂಟ್ ಬಂದ ಹೊತ್ತನ್ನೂ ಬರೆದಿಟ್ಟೆ. ನೂರಕ್ಕೆ ಎಂಬತ್ತಮೂರು ಸಲ ಹತ್ತು ನಿಮಿಷದೊಳಗೆ ಸರಿಯಿತ್ತು. ನಮ್ಮ ಲ್ಯಾಬಿನ ಕೆಲವು ಉಪಕರಣಗಳ ಬಗ್ಗೆ ಇಷ್ಟು ಧೈರ್ಯವಾಗಿ ಹೇಳಲಾರೆ.

ಮಾವನ ಸೊಸೆ ಟೈಲರ್. ಅವಳ ಗಂಡ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಎಂಟು ದಿನ ಮನೆಯಲ್ಲಿದ್ದರೆ ಹೆಚ್ಚು. ಮುಂದಿನ ಕೋಣೆಯಲ್ಲಿ ಮೋಟರಿನ ಹೊಲಿಗೆ ಮಿಷನ್, ಗೋಡೆಗೆ ಮೊಳೆ ಹೊಡೆದು ಸಾಲಾಗಿ ನೇತುಹಾಕಿದ ಕತ್ತರಿಗಳು, ನೆಲದ ಮೇಲೆ ಸೀಮೆಸುಣ್ಣದ ಪುಡಿ. ಈ ವರ್ಷ ಅವಳಿಗೆ ಹತ್ತಿರದ ಶಾಲೆಯಿಂದ ಇನ್ನೂರ ನಲವತ್ತು ಜೊತೆ ಯೂನಿಫಾರ್ಮಿನ ಆರ್ಡರ್ ಸಿಕ್ಕಿತ್ತು. ಶಾಲೆ ತೆರೆಯುವ ಹೊತ್ತಿಗೆ ಕೊಡದಿದ್ದರೆ ಮುಂದಿನ ವರ್ಷದಿಂದ ಆ ಆರ್ಡರ್ ಪೇಟೆಯ ದೊಡ್ಡ ಅಂಗಡಿಗೆ ಹೋಗುತ್ತದೆ ಎಂದು ಹೆಡ್‌ಮೇಡಂ ಮೊದಲೇ ಹೇಳಿದ್ದರು. ಕರೆಂಟ್ ಹೋಗುತ್ತಿದ್ದುದು ಸಂಜೆ ಐದರಿಂದ ಎಂಟರ ನಡುವೆ. ಅವಳಿಗೆ ಮನೆಗೆಲಸ ಮುಗಿದು ಮಿಷನ್ ಮುಂದೆ ಕೂರಲು ಸಿಗುತ್ತಿದ್ದುದೂ ಅದೇ ಹೊತ್ತು.

"ಅಕ್ಕ, ಈ ಸೋಲಾರ್, ಬ್ಯಾಟರಿ ಅಂತಾರಲ್ಲ, ಎಷ್ಟಾಗುತ್ತೆ ಕೇಳಿ ನೋಡ್ತೀರಾ?" ಎಂದಳು.

ಕೇಳಿದೆ. ಒಂದು ಮನೆಗೆ ಹೇಳಿದ ಬೆಲೆ ಕೇಳಿ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಗದೆ ಇನ್ನೇನು ಮಾಡುವುದು? ಆದರೆ ಮಾರಾಟದವನು ಫೋನ್ ಇಡುವ ಮುಂಚೆ ಒಂದು ಮಾತು ಹೇಳಿದ. ಒಂದೇ ಬೀದಿಯಲ್ಲಿ ಮೂವತ್ತು ಮನೆಯವರು ಒಂದೇ ಅಳತೆಯ ಸೆಟ್ ಒಟ್ಟಿಗೆ ತೆಗೆದುಕೊಂಡರೆ ಬೆಲೆ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಆಗುತ್ತದೆ. ಒಂದು ಲಾರಿ, ಒಂದು ತಂಡ, ಒಂದು ವಾರದ ಕೆಲಸ, ನಡುವಿನ ಅಂಗಡಿಗಳಿಲ್ಲ. ಆದರೆ ಇಪ್ಪತ್ತೊಂಬತ್ತಾದರೆ ಲೆಕ್ಕ ಕೂಡುವುದಿಲ್ಲ. ಮುಂದಿನ ಮೂರನೇ ಸೋಮವಾರದೊಳಗೆ ಮೂವತ್ತು ಸಹಿ ಬೇಕು.

ನಮ್ಮ ಬೀದಿಯಲ್ಲಿರುವುದು ಮೂವತ್ತೊಂದು ಮನೆ, ಅದರಲ್ಲಿ ಒಂದಕ್ಕೆ ಬೀಗ. ಅಂದರೆ ಒಬ್ಬರೂ ತಪ್ಪುವಂತಿಲ್ಲ.

ಹದಿನೈದು ಸಂಜೆ ನಾವಿಬ್ಬರೂ ಮನೆಮನೆ ಹತ್ತಿ ಇಳಿದೆವು. ಔಷಧಿ ಅಂಗಡಿಯವನು ತನ್ನ ಫ್ರಿಜ್ಜಿಗಾಗಿ ಒಪ್ಪಿದ. ಅವನ ಮನೆಯೂ ಅಂಗಡಿಯ ಮೇಲೇ. ಮೂಲೆಮನೆ ಅಜ್ಜಿ, "ಟೀವಿ ನಡುವೆ ನಿಲ್ಲಲ್ಲ ತಾನೇ? ಹಾಗಾದ್ರೆ ಎಲ್ಲಿ ಸಹಿ ಹಾಕಬೇಕು ಹೇಳು" ಎಂದು ಕನ್ನಡಕ ಹುಡುಕಿದಳು. ಕೆಲವರು ಕೈ ಬಿಗಿ ಎಂದರು. ಅವರಿಗೆ ಕಂತಿನಲ್ಲಿ ಕೊಡುವ ಏರ್ಪಾಡು ಮಾಡಿಸಿದೆವು. ಇಪ್ಪತ್ತೊಂಬತ್ತು ಸಹಿಯಾದವು. ಉಳಿದದ್ದು ಮಾವನ ಮನೆ. ಚಾವಣಿ ಅವರದು, ಸಹಿಯೂ ಅವರದೇ ಆಗಬೇಕು.

"ಆಗಲ್ಲ," ಎಂದರು ಮಾವ.

"ಯಾಕೆ ಮಾವ?"

"ಗಾಳಿಮಳೇಲಿ ಕಂಬ ಹತ್ತಿ ಈ ಬೀದಿಗೆ ಕರೆಂಟ್ ಎಳೆದವನು ನಾನು. ಈಗ ನನ್ನ ತಲೆ ಮೇಲೇ ಗಾಜಿನ ಹಲಗೆ ಕೂರಿಸ್ತೀರಾ?"

"ಮಾವ, ಕಂಬದ ಕರೆಂಟ್ ತೆಗೆಯೋದಿಲ್ಲ. ಅದಿಲ್ಲದಾಗ ಇದು."

"ಅದಿಲ್ಲದಾಗ ನಾನಿದ್ದೀನಲ್ಲ!" ಎಂದು ಎದ್ದು ಒಳಗೆ ಹೋದರು.

ಸೊಸೆ ನನ್ನನ್ನು ಗೇಟಿನವರೆಗೆ ಬಿಡಲು ಬಂದಳು. "ಅವರಿಗೆ ದುಡ್ಡಿನ ಚಿಂತೆ ಅಲ್ಲ ಅಕ್ಕ. ಅತ್ತೆ ಹೋದ ಮೇಲೆ ದಿನವಿಡೀ ಮಾತಾಡೋರು ಯಾರಿದ್ದಾರೆ ಹೇಳಿ? ಸಂಜೆ ಕರೆಂಟ್ ಹೋದಾಗ ಇಡೀ ಬೀದಿ ಅವರನ್ನ ಕರೆಯುತ್ತೆ. ನಾಲ್ಕೂವರೆಗೇ ಅಂಗಿ ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿಟ್ಕೋತಾರೆ, ಗೊತ್ತಾ? ಎಲ್ಲರ ಮನೇಲೂ ದೀಪ ಉರೀತಾ ಇದ್ರೆ ಅವರನ್ನ ಯಾರು ಕೇಳ್ತಾರೆ? ನನಗೂ ಬಲವಂತ ಮಾಡೋಕೆ ಮನಸ್ಸು ಬರ್ತಿಲ್ಲ."

ಇಷ್ಟು ಹೇಳಿ ಒಳಗೆ ಹೋಗಿ ಮಿಷನ್ ಮುಂದೆ ಕೂತಳು. ಎರಡು ನಿಮಿಷಕ್ಕೆ ಕರೆಂಟ್ ಹೋಯಿತು. ಅವಳು ಬಟ್ಟೆ ಮಡಿಸಿಟ್ಟದ್ದು ಕಿಟಕಿಯಲ್ಲಿ ಕಂಡಿತು. ಮಾವ ಅಂಗಿ ಗುಂಡಿ ಹಾಕಿಕೊಳ್ಳುತ್ತಾ ಜಗುಲಿಗೆ ಬಂದರು.

ಮಾರಾಟದವನು ಮಾದರಿಗೆಂದು ಒಂದು ಸೆಟ್ ಹತ್ತು ದಿನ ನನ್ನ ಮನೆಯಲ್ಲಿ ಕೂರಿಸಿದ್ದ. ಚಾವಣಿಯ ಮೇಲೆ ಹಲಗೆಗಳು, ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಬ್ಯಾಟರಿಯ ಪೆಟ್ಟಿಗೆ. ಅದರ ಕ್ರಮ ಸರಳ. ಮೊದಲು ಬಿಸಿಲು, ಸಾಲದಿದ್ದರೆ ಕಂಬದ ಕರೆಂಟ್, ಅದೂ ಇಲ್ಲದಿದ್ದರೆ ಬ್ಯಾಟರಿ. ಒಂದರಿಂದ ಇನ್ನೊಂದಕ್ಕೆ ಎಷ್ಟು ಬೇಗ ದಾಟುತ್ತಿತ್ತೆಂದರೆ ಫ್ಯಾನಿನ ಓಟದಲ್ಲಿ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಕಂಬದ ಕರೆಂಟ್ ಹೋದಾಗ ಪೆಟ್ಟಿಗೆ ಕೀಂ ಎಂದು ಕೂಗುತ್ತಿತ್ತು, ಅಷ್ಟೇ. ಆ ಕೂಗು ನನಗೆ ಹಿಡಿಸಲಿಲ್ಲ. ಕೆಲಸ ಸರಿಯಾಗಿ ಮಾಡುವ ಯಂತ್ರ ಗಲಾಟೆ ಮಾಡಬಾರದು ಎಂಬುದು ನನ್ನ ಬಹುಕಾಲದ ನಂಬಿಕೆ. ಪೆಟ್ಟಿಗೆಯ ಜೊತೆ ಬಂದ ಪುಸ್ತಕದ ಮೂವತ್ತೇಳನೆಯ ಪುಟ ನೋಡಿ ಅದನ್ನು ಬಂದ್ ಮಾಡಿದೆ. ನೋಡಲು ಬರುವ ಬೀದಿಯ ಮಕ್ಕಳು ಗುಂಡಿ ಒತ್ತಬಾರದೆಂದು ಕಪಾಟಿನ ಬಾಗಿಲನ್ನೂ ಮುಚ್ಚಿಟ್ಟೆ.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಎಲ್ಲರನ್ನೂ ಕರೆದೆ. "ನಿಮ್ಮ ನಿಮ್ಮ ಮನೆಯ ಒಂದು ಸಾಮಾನು ತನ್ನಿ, ಇಲ್ಲಿ ಹಾಕಿ ನೋಡಿ. ಸದ್ಯ ಕಂಬದ ಕರೆಂಟಿನಲ್ಲಿ ನಡೆಯುತ್ತೆ. ಐದಕ್ಕೆ ಸರಿಯಾಗಿ ಮೇನ್ ಸ್ವಿಚ್ ತೆಗೆದು ತೋರಿಸ್ತೀನಿ" ಎಂದಿದ್ದೆ. ಸಹಿ ಮಾಡಿದವರ ಧೈರ್ಯ ಗಟ್ಟಿಯಾಗಲಿ, ಮಾವನ ಮನಸ್ಸೂ ಕರಗಲಿ ಎಂಬ ಆಸೆ. ಮಾವ ಮಾತ್ರ ಬರಲಿಲ್ಲ. ಎರಡು ಮನೆ ಆಚೆ ತಮ್ಮ ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಈ ಕಡೆಗೇ ನೋಡುತ್ತಿದ್ದರು.

ಮೋಡ ಕವಿದ ದಿನ. ಔಷಧಿ ಅಂಗಡಿಯವನು ಇಸ್ತ್ರಿಪೆಟ್ಟಿಗೆಯ ಜೊತೆ ಒಂದು ವಾರದ ಅಂಗಿಗಳನ್ನೂ ತಂದಿದ್ದ. ಮೂಲೆಮನೆ ಅಜ್ಜಿ ಕರೆಂಟಿನ ಕೆಟಲ್ ತಂದು ಮೂರು ಸಲ ಎಲ್ಲರಿಗೂ ಚಹಾ ಮಾಡಿದಳು. ಯಾರದೋ ಮಿಕ್ಸಿ ಕಿರುಚುತ್ತಿತ್ತು. ಸೊಸೆ ಹೊಲಿದಷ್ಟು ಬಟ್ಟೆ ಹೆಡ್‌ಮೇಡಂ ಮನೆಗೆ ಕೊಟ್ಟು ನೇರವಾಗಿ ಇಲ್ಲಿಗೇ ಬಂದಿದ್ದಳು, ಕೈಯಲ್ಲಿ ಸಹಿಗಳ ಹಾಳೆ.

ಐದಾಯಿತು. ಕುರ್ಚಿ ಹತ್ತಿ ಮೇನ್ ಸ್ವಿಚ್ ಕೆಳಗೆಳೆದೆ. ದೀಪ ಮಿಣುಕಲಿಲ್ಲ, ಫ್ಯಾನ್ ತಡವರಿಸಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಹೀಗೇ ನಾಲ್ಕು ಗಂಟೆ ನಡೆಯುತ್ತೆ," ಎಂದೆ.

ಮೂರು ನಿಮಿಷ ನಡೆಯಿತು. ಆಮೇಲೆ ಎಲ್ಲವೂ ನಿಂತಿತು.

ಕಪಾಟು ತೆಗೆದೆ. ಬೆಳಿಗ್ಗೆ ನೂರು ತೋರಿಸುತ್ತಿದ್ದ ಬ್ಯಾಟರಿ ಈಗ ಸೊನ್ನೆ ತೋರಿಸಿ ಕಣ್ಣು ಮುಚ್ಚಿತು. ಓಡಿಹೋಗಿ ಮೇನ್ ಸ್ವಿಚ್ ಮೇಲೆತ್ತಿದೆ. ಏನೂ ಆಗಲಿಲ್ಲ. ಎದುರಿಗೆ ಔಷಧಿ ಅಂಗಡಿಯ ಬೋರ್ಡು ಮಾತ್ರ ಝಗಮಗ ಉರಿಯುತ್ತಿತ್ತು.

"ಮೇಡಂ, ಎದುರಿಗೆ ಕರೆಂಟ್ ಇದೆ. ನಿಮ್ಮ ಪೆಟ್ಟಿಗೆ ತಾನೂ ಸತ್ತು, ಮನೇಗೆ ಬರೋ ಕರೆಂಟನ್ನೂ ನುಂಗ್ತಲ್ಲ!" ಎಂದ ಒಬ್ಬ.

"ಸುಟ್ಟ ವಾಸನೆ ಬರ್ತಿದೆಯಾ?" ಎಂದಳು ಅಜ್ಜಿ. ಬರುತ್ತಿರಲಿಲ್ಲ. ಆದರೆ ಅವಳು ಕೇಳಿದ ಮೇಲೆ ನಾಲ್ಕು ಜನರಿಗೆ ಬಂತು.

ಔಷಧಿ ಅಂಗಡಿಯವನು ಅಂಗಿಗಳನ್ನು ಮಡಿಸುತ್ತಾ ಸೊಸೆಯ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ನನ್ನ ಹೆಸರು ಸದ್ಯಕ್ಕೆ ಪೆನ್ಸಿಲ್ಲಲ್ಲಿ ಇಟ್ಕೊಳಮ್ಮ" ಎಂದ. ಅವನ ಹಿಂದೆ ಇನ್ನೂ ಇಬ್ಬರು ನಿಂತರು. ಸೊಸೆ ಹಾಳೆಯನ್ನು ಎದೆಗೆ ಒತ್ತಿಕೊಂಡಳು, ಯಾರಿಗೂ ಕೊಡಲಿಲ್ಲ. ನನ್ನ ಮುಖ ನೋಡಿದಳು. ಇಪ್ಪತ್ತಾರು ವರ್ಷ ವಿದ್ಯಾರ್ಥಿಗಳಿಗೆ ವಿದ್ಯುತ್ ಮಂಡಲ ಜೋಡಿಸಲು ಕಲಿಸಿದವಳು ಬಾಲ ಸುಟ್ಟ ಬೆಕ್ಕಿನಂತೆ ಕಪಾಟಿಗೂ ಮೀಟರಿಗೂ ನಡುವೆ ಓಡಾಡುತ್ತಿದ್ದೆ.

ಆಗ ಬಾಗಿಲಲ್ಲಿ ಮಾವ ಕಂಡರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಟೆಸ್ಟರ್.

"ಬ್ಯಾಟರಿ ಕೆಟ್ಟಿಲ್ಲ," ಎಂದರು.

ಮೀಟರಿನ ಹತ್ತಿರ ಹೋಗಿ ಟೆಸ್ಟರ್ ಇಟ್ಟರು. ಅದರ ಕೆಂಪು ಕಣ್ಣು ಬೆಳಗಲಿಲ್ಲ.

"ನೋಡಿ. ಕಂಬದಿಂದಲೇ ಬರ್ತಿಲ್ಲ. ನಾಲ್ಕೂ ಹತ್ತಕ್ಕೆ ನಮ್ಮನೆ ಫ್ಯಾನ್ ನಿಂತಿತು. ನಮ್ಮನೆ, ನಿಮ್ಮನೆ, ಅಜ್ಜಿ ಮನೆ, ಈ ಸಾಲೆಲ್ಲ ಒಂದೇ ಫೇಸು. ಎದುರು ಸಾಲು ಬೇರೆ ತಂತಿ, ಅದಕ್ಕೇ ಅಲ್ಲಿ ಉರೀತಿದೆ. ನಾನೇ ಕೊಟ್ಟ ಕನೆಕ್ಷನ್ನು. ಈ ಫೇಸಿನ ಫ್ಯೂಸ್ ಹೋಗಿದೆ."

"ಹಾಗಾದ್ರೆ ಇಷ್ಟು ಹೊತ್ತು..." ಎಂದು ಶುರು ಮಾಡಿ ನಾನೇ ನಿಲ್ಲಿಸಿದೆ. ಮನಸ್ಸಿನಲ್ಲಿ ಲೆಕ್ಕ ಓಡಿತು. ಇಸ್ತ್ರಿಪೆಟ್ಟಿಗೆ, ಮೂರು ಕೆಟಲ್ ಚಹಾ, ಮಿಕ್ಸಿ, ಬಿಸಿಲಿಲ್ಲದ ಆಕಾಶ, ಐವತ್ತು ನಿಮಿಷ. ಸರಿಯಾಗಿ ಕೂಡಿತು.

"ಇಷ್ಟು ಹೊತ್ತು ಇಡೀ ಬೀದಿ ಭಾರ ಹೊತ್ಕೊಂಡಿದೆ ಆ ಪೆಟ್ಟಿಗೆ," ಎಂದರು ಮಾವ. "ಒಂದು ಸಲಾನೂ ಮಿಣಕ್ ಅನ್ಲಿಲ್ಲ. ಜಗುಲಿಯಿಂದ ನೋಡ್ತಾನೇ ಇದ್ದೆ. ಈಗ ಬೀಳುತ್ತೆ, ಇನ್ನೊಂದು ನಿಮಿಷಕ್ಕೆ ಬೀಳುತ್ತೆ ಅಂತ. ಗಟ್ಟಿ ಪೆಟ್ಟಿಗೆ."

"ಗೊತ್ತಿದ್ದೂ ಹೇಳಲಿಲ್ವಾ ಮಾವ?" ಎಂದಳು ಸೊಸೆ.

ಮಾವ ಟೆಸ್ಟರನ್ನು ಜೇಬಿಗಿಟ್ಟರು. ಒಂದು ಸಲ ಇಟ್ಟದ್ದನ್ನು ತೆಗೆದು ಮತ್ತೊಂದು ಸಲ ಇಟ್ಟರು. "ಬೀಳೋದನ್ನ ನೋಡೋಣ ಅಂತಲೇ ಕೂತಿದ್ದೆ ಕಣಮ್ಮ. ಸುಳ್ಳು ಯಾಕೆ ಹೇಳಲಿ? ಆದ್ರೆ ಇವರು ಇಲ್ಲದ ಫಾಲ್ಟ್ ಹೇಳ್ತಿದ್ದಾರೆ. ಸುಟ್ಟಿದೆಯಂತೆ, ನುಂಗಿದೆಯಂತೆ! ಅದನ್ನ ಕೇಳ್ಕೊಂಡು ಕೂರೋದು ನನ್ನ ಕೈಲಾಗಲ್ಲ."

ಮೊದಲು ಬಾಯಿ ಬಿಟ್ಟವಳು ಮೂಲೆಮನೆ ಅಜ್ಜಿ.

"ಅಲ್ಲಯ್ಯಾ, ಓದಿರೋ ಮೇಡಮ್ಮಿಗೇ ಕರೆಂಟ್ ಹೋಗಿದ್ದು ಗೊತ್ತಾಗಲಿಲ್ಲ. ನಾಳೆ ನಮ್ಮನೇಲೂ ಹೀಗೇ ಆದ್ರೆ? ಕರೆಂಟ್ ಇದೆ ಅಂದ್ಕೊಂಡು ನಾನು ಟೀ ಕಾಯಿಸ್ತಾ ಇರೋದು, ನನ್ನ ಟೀವಿ ನಡುವೆ ಸಾಯೋದು!"

"ಅದಕ್ಕೆ ಒಂದು ಕೂಗು ಇದೆ," ಎಂದೆ ನಾನು ನೆಲ ನೋಡುತ್ತಾ. "ನಾನೇ ಬಂದ್ ಮಾಡಿದ್ದೆ."

"ಅದು ಫಾಲ್ಟು!" ಎಂದರು ಮಾವ. ಇಡೀ ಕೋಣೆ ನಕ್ಕಿತು, ನಾನೂ ನಕ್ಕೆ.

"ಮೂವತ್ತು ಪೆಟ್ಟಿಗೆ ಒಟ್ಟಿಗೆ ಕೀಂ ಅಂದ್ರೆ ನನ್ನ ಅಂಗಡೀಲಿ ಗುಳಿಗೆ ತಗೊಳ್ಳೋಕೆ ಬಂದವರು ಅಲ್ಲೇ ತಲೆಸುತ್ತಿ ಬೀಳ್ತಾರೆ," ಎಂದ ಔಷಧಿ ಅಂಗಡಿಯವನು. "ಕರೆಂಟ್ ಹೋಯ್ತು, ಇಷ್ಟು ಹೊತ್ತಿಗೆ ಬರುತ್ತೆ, ಇಸ್ತ್ರಿ ಹಾಕಬೇಡಿ, ಇಷ್ಟು ಹೇಳೋಕೆ ಒಬ್ಬರು ಮನುಷ್ಯರು ಇದ್ರೆ ಸಾಕಪ್ಪ."

ಅಷ್ಟು ಜನರ ಕಣ್ಣುಗಳೂ ಮಾವನ ಕಡೆ ತಿರುಗಿದವು. ಮಾವ ಯಾರನ್ನೂ ನೋಡದೆ ಅಂಗಿಯ ಕಾಲರ್ ಸರಿಮಾಡಿಕೊಂಡರು.

"ಕೊಡು ಆ ಹಾಳೆ," ಎಂದರು ಸೊಸೆಗೆ. ಸಹಿ ಮಾಡುವ ಮುಂಚೆ ಪೆನ್ನು ಎತ್ತಿ ಹಿಡಿದು, "ಎರಡು ಷರತ್ತು. ಮೂವತ್ತೂ ಮನೆಯ ಅರ್ಥಿಂಗ್ ನಾನೇ ನೋಡೋದು. ನನ್ನ ಜಗುಲಿ ಬಲ್ಬಿಗೆ ಬ್ಯಾಟರಿ ಕೊಡಬಾರದು. ಅದು ಕಂಬದ ತಂತಿಗೇ ಇರಲಿ. ಅದು ಆರಿತು ಅಂದ್ರೆ ಕರೆಂಟ್ ಹೋಯ್ತು ಅಂತ ತಿಳ್ಕೊಳ್ಳಿ," ಎಂದರು.

"ಎದುರು ಸಾಲು ಬೇರೆ ತಂತಿ ಅಂದ್ರಲ್ಲ ಮಾವ?" ನನ್ನ ಬಾಯಿ ಸುಮ್ಮನಿರಲಿಲ್ಲ.

ಮಾವ ನನ್ನನ್ನು ಮೊದಲ ಸಲ ಮೆಚ್ಚುಗೆಯಿಂದ ನೋಡಿದರು. "ಕಂಬದ ಮೂರು ಫೇಸಿಗೆ ಮೂರು ಬಲ್ಬು," ಎಂದು ತಿದ್ದಿದರು. "ಆಫೀಸಿನಲ್ಲಿ ಬರೆದುಕೊಟ್ಟು ಮೂರೂ ತಂತಿ ತರಿಸ್ತೀನಿ. ಯಾವುದು ಯಾರ ಮನೇದು ಅಂತ ನನ್ನ ಕೇಳಿ."

ಹಾಕುವ ತಂಡದವರು ಆ ವಾರ ಪಟ್ಟ ಪಾಡು ಅವರಿಗೇ ಗೊತ್ತು. ಮಾವ ಒಂದೊಂದು ಮನೆಯಲ್ಲೂ ಅರ್ಥಿಂಗ್ ಗುಂಡಿ ಅಗೆಸಿ ನೋಡಿದರು, ಏಳು ಮನೆಯಲ್ಲಿ ಮತ್ತೆ ಅಗೆಸಿದರು. ನನ್ನ ಮನೆಯದೂ ಆ ಏಳರಲ್ಲಿ ಒಂದು. ತಂಡದ ಮುಖ್ಯಸ್ಥ ಹೊರಡುವಾಗ, "ಬೇರೆ ಬೀದೀಲೂ ಹೀಗೆ ಮಾವ ಇರ್ತಾರಾ ಮೇಡಂ?" ಎಂದು ಹೆದರಿಕೆಯಿಂದಲೇ ಕೇಳಿದ.

ಮೊನ್ನೆ ಸಂಜೆ ಕಾಲೇಜಿನಿಂದ ಬರುತ್ತಿದ್ದೆ. ಆರು ಗಂಟೆ. ಮಾವನ ಜಗುಲಿಯ ಮೂರು ಬಲ್ಬುಗಳಲ್ಲಿ ನಡುವಿನದು ಪಕ್ಕನೆ ಆರಿತು. ಬೀದಿಯ ಒಂದು ಮನೆಯಲ್ಲೂ ದೀಪ ಹೋಗಲಿಲ್ಲ. ಆದರೂ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಮೂಲೆಮನೆ ಅಜ್ಜಿಯ ಟೀವಿ ಬೀದಿಗೆಲ್ಲ ಕೇಳುವಂತೆ ಅಳುತ್ತಿತ್ತು. ಅದಕ್ಕಿಂತ ಜೋರಾಗಿ ಅಜ್ಜಿಯೇ ಕೂಗಿದಳು.

"ಏನಯ್ಯಾ ಲೈನ್‌ಮ್ಯಾನು, ಯಾವಾಗ ಬರುತ್ತೆ?"

ಮಾವ ಗುಂಡಿ ಹಾಕಿಕೊಂಡು ಹೊರಗೆ ಬಂದರು. ಕಂಬ ನೋಡಿದರು. ಟ್ರಾನ್ಸ್‌ಫಾರ್ಮರಿಗೆ ಕಿವಿಗೊಟ್ಟರು. ಏನೂ ಕೇಳಿಸಲಿಲ್ಲವೆಂದು ಕಾಣುತ್ತದೆ, ಒಳಗೆ ತಿರುಗಿ, "ಒಂದು ನಿಮಿಷ ನಿಲ್ಲಿಸಮ್ಮ, ಈ ಮಿಷನ್ ಸದ್ದಿನಲ್ಲಿ ಏನೂ ಗೊತ್ತಾಗ್ತಿಲ್ಲ," ಎಂದರು.

"ಇನ್ನು ಹನ್ನೊಂದೇ ಜೊತೆ ಉಳಿದಿರೋದು ಮಾವ. ನಿಲ್ಲಿಸಲ್ಲ," ಎಂದಳು ಸೊಸೆ ಒಳಗಿನಿಂದ. ಮಿಷನ್ ಓಡುತ್ತಲೇ ಇತ್ತು.

ಮಾವ ಗೇಟು ತೆಗೆದು, ಸರಿಯಾಗಿ ಕೇಳಿಸಿಕೊಳ್ಳಲು, ಟ್ರಾನ್ಸ್‌ಫಾರ್ಮರಿನ ಕಡೆಗೆ ನಡೆಯತೊಡಗಿದರು. ದಾರಿಯಲ್ಲಿ ಐದು ಮನೆಯವರು ಅವರನ್ನು ತಡೆದು ಮಾತಾಡಿಸಿದರು. ನಾನು ಗಡಿಯಾರ ನೋಡಿ ಹೊತ್ತು ಬರೆದುಕೊಂಡೆ.